ಶರಣಪ್ಪ ಕಾಕಾರ ದನಿ

ಮೊನ್ನೆ ಭಾನುವಾರ ಹೆಂಡತಿಯ ಕಾಟ ತಾಳಲಾರದೆ ಅಟ್ಟದ ಮೇಲಿದ್ದ ಹಳೆಯ ಚೀಲವನ್ನು ಇಳಿಸಿ ಕೊಡವಿದೆ. ಓದುವ ಕಾಲದ ಚೀಲ ಅದು. ಒಣಗಿಹೋದ ಪೆನ್ನು, ಬಣ್ಣಗೆಟ್ಟ ಬಸ್ ಪಾಸು, ಅದರ ಮೇಲೆ ಗಲ್ಲ ಒಳಹೋದ ನನ್ನದೇ ಫೋಟೊ, ಇವೆಲ್ಲ ಬಿದ್ದ ಮೇಲೆ ಬಾರೆಹಣ್ಣಿನಷ್ಟು ದೊಡ್ಡ ಕರಿ ಸ್ಪಂಜಿನ ಗುಂಡೊಂದು ಉರುಳಿ ಮಂಚದ ಕೆಳಗೆ ಸೇರಿತು. ಬಗ್ಗಿ ತೆಗೆದೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕಿಗೆ ಗಾಳಿಯ ಸದ್ದು ತಾಗದಿರಲೆಂದು ತೊಡಿಸುತ್ತಾರಲ್ಲ, ಆ ಕುಲಾವಿ. ಯಾಕೋ ಮೂಗಿಗೆ ಹಿಡಿದೆ. ಕೆಂಪು ಬಾಳೆಹಣ್ಣಿನ ವಾಸನೆ ಬಂದೀತೆಂದು ಆಸೆಪಟ್ಟಿದ್ದೆ. ಬಂದದ್ದು ಬರೀ ಧೂಳು, ಅದರ ಹಿಂದೆ ಸಾಲು ಸೀನು.

ಇಷ್ಟು ಸಣ್ಣ ವಸ್ತುವನ್ನು ಹಿಡಿದುಕೊಂಡು ತಲೆ ನರೆಯತೊಡಗಿದ ಗಂಡಸೊಬ್ಬ ನೆಲದ ಮೇಲೆ ಕೂತುಬಿಟ್ಟರೆ ನೀವಾದರೂ ಏನೆಂದುಕೊಂಡೀರಿ? ಹೆಂಡತಿ ಬಾಗಿಲಲ್ಲಿ ಇಣುಕಿ, ಕಸ ತೆಗೆಯಲು ಹೇಳಿದರೆ ಕಸದ ಜೊತೆ ಮಾತಿಗೆ ಕೂತಿದ್ದೇನೆ ಎಂದು ಗೊಣಗಿ ಒಳಗೆ ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ನಾವು ಪತ್ರಿಕೋದ್ಯಮ ಓದುತ್ತಿದ್ದೆವು. ವಿಶ್ವವಿದ್ಯಾಲಯಕ್ಕೆ ಹತ್ತಿರವೆಂದು ನಾನು ಕುಸನೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಕೊನೆಯ ವರ್ಷದಲ್ಲಿ ಪ್ರತಿ ಗುಂಪೂ ಒಂದು ವಿಡಿಯೊ ಮಾಡಿ ಒಪ್ಪಿಸಬೇಕು. ನಮ್ಮ ಗುಂಪಿನಲ್ಲಿ ಮೂವರು. ವೀರೇಶ ನಿರ್ದೇಶಕ, ಏಕೆಂದರೆ ಅವನ ಬಳಿ ನಿರ್ದೇಶಕರು ಹಾಕುವಂಥ ಟೊಪ್ಪಿಗೆ ಇತ್ತು. ಕೋಟೆಯ ಕಡೆಯ ನಸ್ರೀನ್ ಕ್ಯಾಮೆರಾ, ಏಕೆಂದರೆ ಅವಳೊಬ್ಬಳ ಕೈ ನಡುಗುತ್ತಿರಲಿಲ್ಲ. ಉಳಿದ ಕೆಲಸ ಧ್ವನಿ, ಉಳಿದವನು ನಾನು. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಅರೆಮುಚ್ಚಿ ತಲೆದೂಗಿದರೆ ಧ್ವನಿ ತಜ್ಞನಾದೆ ಎಂದು ನಂಬಿದ್ದ ಕಾಲ ಅದು. ವಿಷಯ ಕಮಲಾಪುರದ ಕೆಂಪು ಬಾಳೆ. ಹಣ್ಣು ತಿನ್ನಲು ಸಿಗುತ್ತದೆ ಎಂಬುದೂ ಒಂದು ಕಾರಣವಾಗಿತ್ತು, ಮುಚ್ಚಿಡುವುದೇಕೆ.

ಹುಮನಾಬಾದ ರಸ್ತೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಾಗ ಶರಣಪ್ಪ ಕಾಕಾ ತಾವೇ ಬಂದು ನಿಂತಿದ್ದರು. ವೀರೇಶನ ದೂರದ ಸಂಬಂಧ, ತಲೆಮಾರುಗಳಿಂದ ಬಾಳೆ ಬೆಳೆದ ಮನೆತನ. ಮನೆಗೆ ನಡೆಯುವಷ್ಟರಲ್ಲಿ ನಮ್ಮ ಮೂವರ ಊರು, ತಂದೆಯ ಹೆಸರು, ಬೆಳಗ್ಗೆ ತಿಂದ ಮಂಡಕ್ಕಿ ಸುಸಲಾಕ್ಕೆ ಶೇಂಗಾ ಬಿದ್ದಿತ್ತೋ ಇಲ್ಲವೋ ಎಂಬುದನ್ನೂ ಕೇಳಿ ಮುಗಿಸಿದ್ದರು. ನಸ್ರೀನಳ ಜೊತೆ ದಖ್ಖನಿ ಉರ್ದುವಿನಲ್ಲಿ ಹಳೆಯ ಹಣ್ಣಿನ ವ್ಯಾಪಾರಿಗಳ ಸುದ್ದಿ ಬೇರೆ. ದನಿ ಸೀಳಿದ ಗಡಿಗೆಯ ಹಾಗೆ ಒಡೆದಿತ್ತು, ಆದರೂ ನಿಲ್ಲುತ್ತಿರಲಿಲ್ಲ.

ಹೊಸ್ತಿಲು ದಾಟುತ್ತಲೇ ಅವರು ಕೂಗಿದರು: "ಏ... ಕೇಳ್ತೇನು?"

ಒಳಗಿನಿಂದ "ಬಂದೆ" ಎಂಬ ಉತ್ತರ ಬಂತು. ಅದರ ಹಿಂದೆಯೇ ನೀರಿನ ತಂಬಿಗೆ ಹಿಡಿದು ಮಹಾದೇವಿ ಅವ್ವ ಬಂದರು.

ಆ "ಏ" ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ, ಹೆಂಡತಿ ಗಂಡನ ಹೆಸರು ಹಿಡಿಯುವ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಇಡೀ ಸಂಸಾರವನ್ನು ಆ ಒಂದು ಅಕ್ಷರವೇ ಹೊರಬೇಕು. ಕಾಕಾ ಎಳೆದು ಕೂಗಿದರೆ ಚಹಾ, ಮೊಟಕು ಮಾಡಿದರೆ ಕನ್ನಡಕ ಕಾಣುತ್ತಿಲ್ಲ ಎಂದು, ಮೆಲ್ಲಗೆ ಅಂದರೆ ಬಂದವರನ್ನು ಊಟಕ್ಕೆ ನಿಲ್ಲಿಸಿಕೊಳ್ಳಬೇಕು ಎಂದು. ಅವ್ವ ಪ್ರತಿಸಲವೂ ಸರಿಯಾದ ವಸ್ತುವನ್ನೇ ಹಿಡಿದು ಬರುತ್ತಿದ್ದರು. ಅರ್ಧ ದಿನದಲ್ಲಿ ನಮಗೂ ಅದು ತಿಳಿಯತೊಡಗಿತು. ಕಾಕಾ ಮೆಲ್ಲಗೆ "ಏ" ಅಂದಾಗ ವೀರೇಶ ರೊಟ್ಟಿಯ ಆಸೆಗೆ ಕಾಲು ಮಡಿಚಿ ಕೂತುಬಿಟ್ಟ.

ಮಧ್ಯಾಹ್ನ ರೊಟ್ಟಿ, ಪುಂಡಿ ಪಲ್ಯ ಉಂಡು ತಟ್ಟೆ ಇಡಲು ಅಡುಗೆಮನೆಗೆ ಹೋದಾಗ ಅವ್ವ ನನ್ನನ್ನು ತಡೆದರು. ಕಿವಿಗೆ ಹಾಕಿಕೊಂಡ ಯಂತ್ರ ನೋಡಿ ಮಾತು ಹಿಡಿದಿಡುವವನು ನಾನೇ ಎಂದು ತಿಳಿದಿರಬೇಕು. ಹೊರಗೆ ಕೇಳಿಸದ ಹಾಗೆ ಅಂದರು: "ತಮ್ಮಾ, ಇವರ ಗಂಟಲದಾಗ ಗಂಟ ಆಗ್ಯಾದ. ಮುಂದಿನ ವಾರ ಹೈದರಾಬಾದಿಗಿ ಕರಕೊಂಡು ಹೋಗ್ತೇವಿ. ತೆಗದ ಮ್ಯಾಲ ದನಿ ಇರಂಗಿಲ್ಲಂತ ಡಾಕ್ಟರ ಹೇಳ್ಯಾರ. ನಿಮ್ಮ ಮಷಿನದಾಗ ಇವರ ಮಾತ ಒಂದೀಟು ಇಟ್ಟು ಕೊಡ್ರಿ."

ನಾನು ಆಯಿತು ಎಂದೆ. ಇಷ್ಟು ಸುಲಭದ ಕೆಲಸವನ್ನು ಇಷ್ಟು ಅಂಜುತ್ತ ಕೇಳುತ್ತಿದ್ದಾರಲ್ಲ ಎನಿಸಿತು. ಮಾತಾಡುವ ಮನುಷ್ಯ ಎದುರಿಗಿದ್ದಾರೆ, ಯಂತ್ರ ನಮ್ಮ ಕೈಯಲ್ಲಿದೆ, ಇನ್ನೇನು ಬೇಕು? ಕಾಕಾ ನಮಗೆ ಆ ವಿಷಯ ಹೇಳಿರಲೇ ಇಲ್ಲ. ದನಿ ಒಡೆದದ್ದಕ್ಕೆ ತಂಪು ನೀರು ಕುಡಿದದ್ದೇ ಕಾರಣ ಎಂದಿದ್ದರು.

ತೋಟದಲ್ಲಿ ಬಾಳೆಯ ಸಾಲಿನ ನಡುವೆ ಅವರನ್ನು ನಿಲ್ಲಿಸಿದೆವು. ಕೆಂಪು ಮಣ್ಣು, ಮೇಲೆ ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದ ಗೊನೆಗಳು, ನಸ್ರೀನ್ ಖುಷಿಯಾಗಿದ್ದಳು. ನಾನು ಈ ಕರಿ ಸ್ಪಂಜಿನ ಮೈಕನ್ನು ಅವರ ಅಂಗಿಗೆ ಸಿಕ್ಕಿಸಿದೆ. ಸಿಕ್ಕಿಸಿದ್ದೇ ತಡ, ಹಾದಿಯುದ್ದಕ್ಕೂ ನಿಲ್ಲದ ಬಾಯಿ ಮುಚ್ಚಿಹೋಯಿತು. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ಪ್ರಾರ್ಥನೆಗೆ ನಿಂತ ಶಾಲೆಯ ಹುಡುಗನ ಹಾಗೆ ನಿಂತರು. ವೀರೇಶ "ಆ್ಯಕ್ಷನ್" ಅಂದ.

"ನಮಸ್ಕಾರ. ನನ್ನ ಹೆಸರು ಶರಣಪ್ಪ. ನಾನು ಕಮಲಾಪುರದ ನಿವಾಸಿಯಾಗಿದ್ದು, ಕೆಂಪು ಬಾಳೆಯನ್ನು ಬೆಳೆಯುತ್ತಿದ್ದೇನೆ..."

ನಾನು ಹೆಡ್‌ಫೋನ್ ಒತ್ತಿ ಹಿಡಿದೆ. ಒಡಕು ಇದ್ದರೂ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿತ್ತು. ರೇಡಿಯೊದಲ್ಲಿ ಬರುವ ಕೃಷಿ ಮಾತುಗಳನ್ನು ಆಯುಷ್ಯವಿಡೀ ಕೇಳಿದ ಮನುಷ್ಯ, ತನ್ನ ಸರದಿ ಬಂದಾಗ ಅದೇ ಕನ್ನಡದಲ್ಲಿ ಮಾತಾಡಿದರು. ಒಂದು ಸಲ ನಿಲ್ಲಿಸಿ, ಕಾಕಾ, ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡ್ರಿ ಎಂದು ನಾನೇ ಕೇಳಿಕೊಂಡೆ. ಅವರು ನನ್ನನ್ನು ಮುಗ್ಧ ಕೂಸೆಂಬಂತೆ ನೋಡಿದರು. "ಮನ್ಯಾಗಿನ ಮಾತ ಮನ್ಯಾಗ ಇರ್ಲಿ ತಮ್ಮಾ. ಇದು ನಾಕ ಮಂದಿ ನೋಡೋದು. ಮರ್ಯಾದಿ ಬ್ಯಾಡೇನು?"

ಅವರನ್ನು ಹೇಗೆ ತಪ್ಪೆನ್ನಲಿ? ನಮ್ಮೂರವರೆಲ್ಲ ಹೀಗೇ. ನನ್ನ ತಾಯಿ ಓಣಿಯ ಆ ತುದಿಗೆ ಕೇಳುವ ಹಾಗೆ ಜಗಳ ಕಾಯ್ದು ಬಂದು, ಫೋನು ಬಂದರೆ "ಹಲೋ, ಯಾರು ಮಾತನಾಡುವುದು?" ಎಂದು ರೇಷ್ಮೆ ಸೀರೆ ಉಟ್ಟ ದನಿ ತೆಗೆಯುತ್ತಾಳೆ. ನಾನೂ ತರಗತಿಯಲ್ಲಿ ಎದ್ದು ನಿಂತರೆ ಬೇರೆ ಮನುಷ್ಯನಾಗುತ್ತಿದ್ದೆ. ನಮ್ಮ ಮಾತನ್ನು ಬೇರೆ ಸೀಮೆಯವರು ಆಡಿಕೊಂಡು ನಕ್ಕದ್ದನ್ನು ಕೇಳಿ ಕೇಳಿ, ನಾಲ್ಕು ಜನರ ಎದುರು ಅದನ್ನು ಒಳಗಿಟ್ಟು ಬರುವುದೇ ಮರ್ಯಾದೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ.

ಮಾತು ಮುಗಿಸುವ ಮುಂಚೆ ಕಾಕಾ ಹೇಳಿದರು: "ಈ ಕಾರ್ಯದಲ್ಲಿ ನನ್ನ ಧರ್ಮಪತ್ನಿಯಾದ ಶ್ರೀಮತಿ ಮಹಾದೇವಿಯವರು ಸಂಪೂರ್ಣ ಸಹಕಾರ ನೀಡಿದ್ದಾರೆ." ವೀರೇಶ ಚಪ್ಪಾಳೆ ತಟ್ಟಿದ. ಮೈಕು ಬಿಚ್ಚಿದ್ದೇ ತಡ ಕಾಕಾ ಮತ್ತೆ ಕಾಕಾ ಆದರು. ಮನೆಯ ಕಡೆ ತಿರುಗಿ "ಏ..." ಎಂದು ಎಳೆದು ಕೂಗಿದರು. ಅಷ್ಟರಲ್ಲಿ ಯಂತ್ರಗಳೆಲ್ಲ ಬಂದ್ ಆಗಿದ್ದವು. ಬ್ಯಾಟರಿ ಉಳಿಸುವುದು ಒಳ್ಳೆಯ ಅಭ್ಯಾಸ ಎಂದು ನಮಗೆ ಕಲಿಸಿದ್ದರು. ಸಂಜೆಯವರೆಗೂ ಹಾಗೆಯೇ ನಡೆಯಿತು. ಅವರು ಸುಮ್ಮನಾದಾಗ ನಾವು ಶುರುಮಾಡುತ್ತಿದ್ದೆವು, ಅವರು ಶುರುಮಾಡಿದಾಗ ನಾವು ನಿಲ್ಲಿಸುತ್ತಿದ್ದೆವು.

ವಿಡಿಯೊ ನೋಡಿದ ಗುರುಗಳು ಭಾಷೆ ಶುದ್ಧವಾಗಿದೆ, ಧ್ವನಿ ಸ್ಪಷ್ಟವಾಗಿದೆ ಎಂದು ಮೆಚ್ಚಿದರು. ನಾನು ವಾರವಿಡೀ ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಕಾಕಾ ಹೈದರಾಬಾದಿನಿಂದ ತಿರುಗಿ ಬಂದು ತಿಂಗಳಾದ ಮೇಲೆ ವಿಡಿಯೊ ತೆಗೆದುಕೊಂಡು ನಾನೊಬ್ಬನೇ ಕಮಲಾಪುರಕ್ಕೆ ಹೋದೆ. ಪಡಸಾಲೆಯ ಮಂಚದ ಮೇಲೆ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ನನ್ನನ್ನು ನೋಡಿ ತುಟಿ ಆಡಿಸಿದರು. ಉಸಿರಿನ ಸದ್ದು ಮಾತ್ರ ಬಂತು. ಆಮೇಲೆ ಪಕ್ಕದಲ್ಲಿದ್ದ ಸ್ಟೀಲಿನ ಗ್ಲಾಸಿನಿಂದ ಮಂಚದ ಕಾಲಿಗೆ ಬಡಿದರು. ಒಳಗಿನಿಂದ "ಬಂದೆ" ಎಂದು ಅವ್ವ ಬಂದರು. ಬರಿಗೈಯಲ್ಲಿ ಬಂದು, ಏನು ಬೇಕೆಂದು ಗಂಡನ ಮುಖ ನೋಡುತ್ತ ನಿಂತರು. ಗ್ಲಾಸಿನ ಸದ್ದಿಗೆ ಎಳೆತ ಮೊಟಕು ಎಲ್ಲಿಂದ ಬರಬೇಕು.

ಅವರ ಮಗನ ಮೊಬೈಲಿನಲ್ಲಿ ವಿಡಿಯೊ ಹಾಕಿದೆವು. ಕಾಕಾ ಬೆನ್ನು ನೆಟ್ಟಗೆ ಮಾಡಿ ಕೂತು ನೋಡಿದರು. ತಮ್ಮ ಒಂದೊಂದು ಮಾತಿಗೂ ತಲೆ ಆಡಿಸಿದರು. ತೊಟ್ಟಿಲಿನ ಮಗುವನ್ನು ನೋಡಿದಂಥ ಸಂತೋಷ ಆ ಮುಖದಲ್ಲಿತ್ತು. "ಶ್ರೀಮತಿ ಮಹಾದೇವಿಯವರು" ಎಂಬ ಮಾತು ಬಂದಾಗ ಸೊಸೆ ಕಿಸಕ್ಕನೆ ನಕ್ಕಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದರು. ನಾಚಿಕೆ ಎಂದುಕೊಂಡೆ.

ಹೋಗಿಬರುತ್ತೇನೆ ಎಂದು ಹೇಳಲು ಅಡುಗೆಮನೆಗೆ ಹೋದರೆ ಅವರು ಒಲೆಯ ಮುಂದೆ ಸುಮ್ಮನೆ ನಿಂತಿದ್ದರು. ಒಲೆ ಹೊತ್ತಿರಲಿಲ್ಲ.

"ಎಲ್ಲಾ ಚಂದ ಅದ ತಮ್ಮಾ," ಎಂದರು. "ಆದ್ರ ಇವರು ಒಂದ ದಿನಾನೂ ನನ್ನ ಹೆಸರ ತಗೊಂಡವರಲ್ಲ. ಆ ಮಷಿನದಾಗ ಇರೋರು ಯಾರೋ ಸಾಹೇಬರು. ನನ್ನ ಕರಿಯೋದು ಎಲ್ಲಿ ಅದ ಇದ್ರಾಗ?"

ಕುಸನೂರಿನ ಕೋಣೆಗೆ ಬಂದು ನಾವು ಹಿಡಿದದ್ದನ್ನೆಲ್ಲ ಮೊದಲಿನಿಂದ ಕೇಳಿದೆ. ನಸ್ರೀನಳನ್ನೂ ಕರೆಸಿದೆ. ಪ್ರತಿಯೊಂದು ತುಣುಕೂ "ನಮಸ್ಕಾರ"ದಿಂದ ಶುರುವಾಗಿ ವಂದನೆಯಿಂದ ಮುಗಿಯುತ್ತಿತ್ತು. ನಡುವೆ ಹಕ್ಕಿಯ ಸದ್ದಿತ್ತು, ಬಾಳೆ ಎಲೆಯ ಸದ್ದಿತ್ತು, ವೀರೇಶನ "ಆ್ಯಕ್ಷನ್" ಬೇಕಾದಷ್ಟಿತ್ತು. ಆ ಒಂದು "ಏ" ಎಲ್ಲಿಯೂ ಇರಲಿಲ್ಲ. ನಸ್ರೀನ್ ಹೆಡ್‌ಫೋನ್ ಬಿಚ್ಚಿಟ್ಟಳು. ಎದ್ದು ಹೋಗುವಾಗ, ನಮ್ಮ ದಾದಿಯ, ಅಂದರೆ ತೀರಿಹೋದ ಅಜ್ಜಿಯ, ದನಿಯೂ ಎಲ್ಲಿಯೂ ಇಲ್ಲ ಎಂದಷ್ಟೇ ಹೇಳಿದಳು.

ಕಾಕಾ ಆಮೇಲೆ ಕೆಲವು ವರ್ಷ ಬದುಕಿದರು. ಮನೆಗೆ ಬಂದವರಿಗೆಲ್ಲ ಆ ವಿಡಿಯೊ ತೋರಿಸುವುದು ಅವರ ಗೀಳಾಗಿತ್ತಂತೆ. ಮೊಬೈಲು ಮುಂದೆ ಹಿಡಿದು, ತಮ್ಮ ಗಂಟಲನ್ನು ಮುಟ್ಟಿ, ನೋಡಿ ನಾನು ಹೀಗೆ ಮಾತಾಡುತ್ತಿದ್ದೆ ಎಂದು ಸನ್ನೆ ಮಾಡುವರು. ಆಗೆಲ್ಲ ಅವ್ವನಿಗೆ ಒಳಗೆ ಏನಾದರೂ ಕೆಲಸ ಬರುತ್ತಿತ್ತು. ಅವರ ಸಂತೋಷ ನಿಜವಾದದ್ದು, ಇವರ ದುಃಖವೂ ನಿಜವಾದದ್ದು, ಎರಡಕ್ಕೂ ನಾವೇ ಮಾಡಿಕೊಟ್ಟ ಒಂದೇ ವಿಡಿಯೊ. ಅವ್ವ ತಮ್ಮ ಮಾತನ್ನು ಗಂಡನಿಗೆ ಕೊನೆಯವರೆಗೂ ಹೇಳಲಿಲ್ಲ ಎಂದು ನನಗೆ ಖಾತ್ರಿಯಿದೆ.

ಕಾಕಾ ತೀರಿಕೊಂಡ ಮೇಲೆ ಅವರ ಕಾರ್ಯದ ದಿನ ಮಗ ಅದನ್ನು ಟಿವಿಗೆ ಹಾಕಿದ್ದ. ಕೂಡಿದ ಬೀಗರು ಬಿಜ್ಜರೆಲ್ಲ ಎಷ್ಟು ಚಂದ ಮಾತಾಡಿದ್ದಾನೆ ಎಂದು ಕಣ್ಣೊರೆಸಿಕೊಂಡರು. ನಾನು ಗೋಡೆಗೊರಗಿ ನಿಂತಿದ್ದೆ. ಟಿವಿಯಲ್ಲಿ ಸಾಹೇಬರು ಸಹಕಾರ ನೀಡಿದವರ ಹೆಸರು ಹೇಳುತ್ತಿದ್ದಾಗ, ಪಡಸಾಲೆಯಲ್ಲಿ ಯಾರದೋ ಕೈತಪ್ಪಿ ಗ್ಲಾಸೊಂದು ನೆಲಕ್ಕೆ ಬಿತ್ತು. ಹೆಂಗಸರ ನಡುವೆ ಕೂತಿದ್ದ ಅವ್ವ "ಬಂದೆ" ಎಂದು ಅರ್ಧ ಎದ್ದರು. ಎದ್ದವರು ಹಾಗೆಯೇ ನಿಂತರು. ಪಕ್ಕದವರು ಕೈ ಹಿಡಿದು ಕೂರಿಸಿಕೊಂಡರು.

ಪತ್ರಿಕೋದ್ಯಮ ನನ್ನನ್ನು ಕೈಬಿಟ್ಟು ಬಹಳ ಕಾಲವಾಯಿತು. ಈಗ ಐವಾನ್-ಎ-ಶಾಹಿ ಬಡಾವಣೆಯ ಕಡೆ ಬಾಡಿಗೆ ಮನೆ, ಹತ್ತು ಗಂಟೆಗೆ ಕಚೇರಿ. ಆ ವಿಡಿಯೊದಿಂದ ಕಲಿತದ್ದೇನೆಂದು ಪರೀಕ್ಷೆಯಲ್ಲಿ ಕೇಳಿದ್ದರು. ಬೆಳಕು, ಕೋನ, ತಂಡದ ಕೆಲಸ ಎಂದು ಪುಟ ತುಂಬಿಸಿ ಒಳ್ಳೆಯ ಅಂಕ ಪಡೆದಿದ್ದೆ. ನಿಜವಾದ ಉತ್ತರ ಆಗ ಅರ್ಧವೇ ಗೊತ್ತಿತ್ತು. ಮನುಷ್ಯ ತಾನು ಹೇಗೆ ಉಳಿಯಬೇಕೆಂದು ಬಯಸುತ್ತಾನೋ ಅದು ಬೇರೆ, ಅವನ ಮನೆಯವರಿಗೆ ಬೇಕಾದದ್ದು ಬೇರೆ. ಆ ಎರಡನೆಯದನ್ನು ಎಲ್ಲರೂ ಸದ್ದು ಗದ್ದಲ ಎಂದುಕೊಂಡಿರುತ್ತಾರೆ.

ಸ್ಪಂಜು ಹಿಡಿದುಕೊಂಡು ಇದನ್ನೆಲ್ಲ ಯೋಚಿಸುತ್ತಿದ್ದಾಗ ಒಳಗಿನಿಂದ ಹೆಂಡತಿ ಕೂಗಿದಳು: "ಏನ್ರೀ... ಚಾ ಆರಾಕತ್ತದ." ಅವಳೂ ನನ್ನ ಹೆಸರು ಹಿಡಿಯುವುದಿಲ್ಲ. ಅವಳ ಕೂಗು ಮುಗಿಯುವ ಮೊದಲೇ "ಬಂದೆ" ಎನ್ನುವುದು ನನ್ನ ರೂಢಿ. ಆ ದಿನ ಸುಮ್ಮನೆ ಕೂತೆ. ಅವಳು ಮತ್ತೆ ಕೂಗಿದಳು, ಈ ಸಲ ಎಳೆದು, ಕೊನೆಯಲ್ಲಿ ಸ್ವಲ್ಪ ಸಿಟ್ಟು ಸೇರಿಸಿ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಆ ಕರೆಯನ್ನು ಪೂರ್ತಿ ಕೇಳಿದ್ದು ಅದೇ ಮೊದಲು.

ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಕಿವಿ ಕೇಳಂಗಿಲ್ಲೇನು?"

"ಕೇಳ್ತದ. ಇನ್ನೊಂದ ಸಲ ಕರಿ," ಅಂದೆ.

ನನ್ನ ಮುಖವನ್ನೂ ಕೈಯಲ್ಲಿದ್ದ ಕರಿ ಗುಂಡನ್ನೂ ನೋಡಿದಳು. "ಹೇಳಿ ಕರಸ್ಕೊಂಡ್ರ ಅದು ಹೆಂಗ ಬರ್ತದ," ಎಂದು ನಕ್ಕು ಒಳಗೆ ಹೋದಳು.

ಸ್ಪಂಜನ್ನು ಕಸಕ್ಕೆ ಹಾಕಿದೆ. ಅದಕ್ಕೆ ಹೊಂದುವ ಮೈಕು ಈಗ ಎಲ್ಲಿಯೂ ಇಲ್ಲ. ಆದರೆ ಅಂದಿನಿಂದ ಮೊದಲ ಕರೆಗೆ ಓಗೊಡುವುದನ್ನು ಬಿಟ್ಟಿದ್ದೇನೆ. ನಮ್ಮ ಮನೆಯವರಿಗೆ ಯಾಕೋ ಕಿವಿ ಮಂದವಾಗುತ್ತಿದೆ ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದಾಳಂತೆ. ಹೇಳಲಿ.