ಮಂಜಿನ ಡಾಕ್ಟರಮ್ಮ

ನಮ್ಮ ಬೀದಿಯ ಚರ್ಮದ ಡಾಕ್ಟರಮ್ಮನಿಗೆ ನರುಳ್ಳೆ ಕಂಡರೆ ನೆಂಟರು ಬಂದಷ್ಟು ಸಂಭ್ರಮ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತಿನ ಮೇಲೆ ಒಂದು ಕಂಡರೂ ಸಾಕು, ಕೈ ತುರಿಸುತ್ತದೆ. ಕ್ಲಿನಿಕ್ಕಿನಲ್ಲಿ ಲಿಕ್ವಿಡ್ ನೈಟ್ರೋಜನ್ ಫ್ಲಾಸ್ಕಿನ ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಮೇಜಿನಿಂದ ಜಾರಿ ನೆಲಕ್ಕಿಳಿಯುತ್ತದೆ. “ಹೆದರ್ಬೇಡಿ, ಬೆಂಕಿಯಲ್ಲ, ಬರೀ ಚಳಿ. ಇರುವೆ ಕಚ್ಚಿದ ಹಾಗಾಗತ್ತೆ ಅಷ್ಟೆ” ಎನ್ನುತ್ತಾರೆ. ನರುಳ್ಳೆ ಬೆಳ್ಳಗೆ ಹೆಪ್ಪುಗಟ್ಟುವಾಗ ರೋಗಿಗಿಂತ ಮೊದಲು ತಾವೇ “ಸ್ಸ್” ಎಂದು, ಆಮೇಲೆ ಅದಕ್ಕೇ ಬುದ್ಧಿ ಹೇಳುತ್ತಾರೆ: “ಇನ್ನು ತೆಪ್ಪಗೆ ಉದುರಿ ಹೋಗ್ಬೇಕು, ಗೊತ್ತಾಯ್ತಾ?” ಆದರೆ ಶುರು ಮಾಡುವ ಮುಂಚೆ ಎಲ್ಲರಿಗೂ ಒಂದು ವಿಚಿತ್ರ ಪ್ರಶ್ನೆ: “ಮನೇಲಿ ಯಾರಿಗೂ ಇದು ಬೇಕಾಗಿಲ್ಲ ತಾನೆ?” ಜನ ನಗುತ್ತಾರೆ. ಡಾಕ್ಟರಮ್ಮನದೇ ಗದ್ದದ ಕೆಳಗೆ ಕಾಳುಮೆಣಸಿನಷ್ಟು ದಪ್ಪದ ನರುಳ್ಳೆಯೊಂದು ಆರಾಮಾಗಿ ಕೂತಿದೆ. “ನಿಮ್ಮದನ್ಯಾಕೆ ಬಿಟ್ಕೊಂಡಿದ್ದೀರಿ?” ಎಂದರೆ, “ಅಂಗಡಿಗೊಂದು ಬೋರ್ಡು ಬೇಡ್ವೇನ್ರಿ?” ಎಂದು ಮಾತು ಹಾರಿಸುತ್ತಾರೆ. ಸಂಜೆ ಮನೆಯಲ್ಲಿ, ಕಣ್ಣು ಕಿವಿ ಎರಡೂ ಸೋತ ಅವರ ಅಮ್ಮ ಮಂಚದ ಮೇಲೆ ಕಾಯುತ್ತಿರುತ್ತಾರೆ. ಪಕ್ಕಕ್ಕೆ ಬಂದು ಕೂತದ್ದು ಆಯಾನೋ ಮಗಳೋ ತಿಳಿಯದೆ, ಮುದುಕಿಯ ಬೆರಳು ಕೆನ್ನೆಯಿಂದಿಳಿದು ಗದ್ದದ ಕೆಳಗೆ ತಡಕಾಡುತ್ತದೆ. ಆ ಕಾಳು ಸಿಕ್ಕಿತೋ, ಮುಖವೆಲ್ಲ ಅರಳಿಸಿಕೊಂಡು ಗದರುತ್ತಾರೆ: “ಈಗ ಬಂದ್ಯೇನೇ? ಎಷ್ಟು ಹೊತ್ತು ಕಾಯೋದು ನಿಂಗೆ?”