ಬಿಸಿಲಿದ್ದರೂ ಒಣಗದ ಶಾವಿಗೆ

ಸಮುದ್ರವನ್ನು ನಾನು ಇವತ್ತಿಗೂ ಕಣ್ಣಾರೆ ನೋಡಿಲ್ಲ. ಕೊಟ್ಟೂರಿನಲ್ಲಿ ಕೂತು ಮೊಬೈಲಿನಲ್ಲೇ ಅದರ ಹಿಂದೆ ಬಿದ್ದವಳು ನಾನು, ಯಾರೂ ಕಲಿಸಿದ್ದಲ್ಲ. ಅರಬ್ಬಿ ಸಮುದ್ರದ ನೀರು ಎಲ್ಲೆಲ್ಲಿ ಎಷ್ಟು ಬೆಚ್ಚಗಿದೆ ಅಂತ ಬಣ್ಣದಲ್ಲಿ ತೋರಿಸುವ ನಕ್ಷೆ ಬರುತ್ತದಲ್ಲ, ಬೆಳಿಗ್ಗೆ ಚಹಾಕ್ಕಿಂತ ಮೊದಲು ನನಗೆ ಅದು ಬೇಕು. ನಾವೆಲ್ಲ ಸೇರಿ ಹೊಗೆಬಿಟ್ಟು ಭೂಮಿಗೆ ಏರಿಸಿದ ಬಿಸಿಯಲ್ಲಿ ಬಹುಪಾಲನ್ನು ಸಮುದ್ರವೇ ನುಂಗಿಕೊಂಡಿದೆ ಅಂತ ಓದಿದ ದಿನ ತುತ್ತು ಹಿಡಿದ ಕೈ ಹಾಗೇ ನಿಂತುಬಿಟ್ಟಿತ್ತು. ಅಷ್ಟನ್ನೂ ನುಂಗಿ ಸುಮ್ಮನಿದೆಯಲ್ಲ!

ಪೂರ್ತಿ ಸುಮ್ಮನಿಲ್ಲ ಅಂತ ಗೊತ್ತಾಗಿದ್ದು ಒಂದು ಮೇ ತಿಂಗಳಲ್ಲಿ, ನಮ್ಮ ಮಾಳಿಗೆಯ ಮೇಲೆ.

ಅಕ್ಕನನ್ನು ಹಿರೇಹಡಗಲಿಗೆ ಕೊಟ್ಟಿದೆ. ಆಗ ಅವಳು ಏಳು ತಿಂಗಳ ಬಸುರಿ, ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ನಾವು ಒಯ್ಯುವ ಬುತ್ತಿಯ ಬುಟ್ಟಿಯಲ್ಲಿ ತವರಿನ ಶಾವಿಗೆ ಇರಲೇಬೇಕೆಂದು ಅವ್ವನ ಹಟ. ಅಂಗಡಿಯದು ಒಯ್ದರೆ ಬೀಗರ ಮುಂದೆ ತಲೆ ಎತ್ತುವಂತಿಲ್ಲವಂತೆ. ಆದರೆ ನಮ್ಮ ಓಣಿಯಲ್ಲಿ ಶಾವಿಗೆ ಯಾರೂ ಒಬ್ಬರೇ ಮಾಡುವುದಿಲ್ಲ, ಅದು ಮುಯ್ಯಿ ಕೆಲಸ. ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು. ಒಮ್ಮೆ ಪಾಳಿ ಗೊತ್ತಾದರೆ ಲಗ್ನದ ಮುಹೂರ್ತ ಇದ್ದ ಹಾಗೆ, ಅದನ್ನು ಅಲುಗಾಡಿಸುವಂತಿಲ್ಲ. ನಮ್ಮ ಪಾಳಿ ಬಂದದ್ದು ಕುಬಸಕ್ಕೆ ಎರಡೇ ದಿನ ಇರುವಾಗ.

ಹಿಂದಿನ ದಿನ ನಕ್ಷೆಯ ಜೊತೆ ಬಂದ ಹವಾಮಾನದ ಸುದ್ದಿ ನೋಡಿ ಅವ್ವನ ಹತ್ತಿರ ಓಡಿದೆ.

"ಅವ್ವಾ, ಅರಬ್ಬಿ ಸಮುದ್ರದಾಗ ವಾಯುಭಾರ ಕುಸಿದೈತಿ. ನಾಳಿ ಶಾವಿಗಿ ಬ್ಯಾಡ."

ಪಕ್ಕದ ಮನೆಯ ಅತ್ತೆ ಅಲ್ಲೇ ಗೋಧಿ ಹಸನು ಮಾಡುತ್ತಿದ್ದಳು. "ಅಲ್ಲಿ ಕುಸಿದ್ರ ಇಲ್ಲಿ ನಮ್ಮ ಮಾಳಿಗಿ ಕುಸಿತತೇನ್ಬೇ? ಸಮುದ್ರ ಎಲ್ಲೈತಿ, ಕೊಟ್ಟೂರು ಎಲ್ಲೈತಿ!"

"ಪಾಳಿ ಬಿಟ್ರ ಮತ್ತ ಯಾರ್ ಬರ್ತಾರ?" ಅಂದಳು ಅವ್ವ. ಮಾತು ಮುಗಿಯಿತು.

ಮರುದಿನ ಒಂದು ಚೂರೂ ಮೋಡವಿಲ್ಲ. ಹೆಂಗಸರು ಮಿಷನ್ ತಿರುವುತ್ತಾ, ಎಳೆಗಳನ್ನು ಕೋಲಿಗೆ ಇಳಿಬಿಡುತ್ತಾ ನನ್ನನ್ನು ಹುರಿದು ಮುಕ್ಕಿದರು. "ಎಲ್ಲ್ಯದಾವಬೇ ನಿನ್ನ ಮೋಡ? ಮೊಬೈಲ್‌ದಾಗ ಸಿಕ್ಕೊಂಡಾವೇನು?" ನನಗೂ ನಕ್ಷೆಯ ಮೇಲೆ ಸಿಟ್ಟು ಬಂತು.

ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಬಿಸಿಲಿದ್ದರೆ ಒಣಗುತ್ತದೆ ಅನ್ನುವುದರಲ್ಲಿ ಇಲ್ಲಿ ಯಾರಿಗೂ ಅನುಮಾನವೇ ಇಲ್ಲ. ಮೋಡ ನೋಡುತ್ತೇವೆ, ಗಾಳಿಯನ್ನು ಮುಟ್ಟಿ ನೋಡುವುದಿಲ್ಲ. ಹೊತ್ತು ಇಳಿದಾಗ ಅವ್ವ ಒಂದೆಳೆ ಮುರಿಯಹೋದಳು. ಟಕ್ ಅನ್ನಬೇಕಾದದ್ದು ರಬ್ಬರಿನ ಹಾಗೆ ಬಾಗಿತು. ಆಗಲೇ ನನಗೆ ಕತ್ತಿನ ಬೆವರು ಆರದೇ ಅಂಟಿಕೊಂಡಿದ್ದು ಗಮನಕ್ಕೆ ಬಂತು. ಕಾದ ಸಮುದ್ರ ಹೆಚ್ಚು ಆವಿ ಬಿಡುತ್ತದೆ, ಗಾಳಿ ಅದನ್ನು ಹೊತ್ತು ಘಟ್ಟ ಹತ್ತಿಸಿ, ಇಷ್ಟು ದೂರ ತಂದು ನಮ್ಮ ಶಾವಿಗೆಯ ಮೇಲೆ ಕೂರಿಸಿದೆ! ಭಯದ ನಡುವೆಯೂ ಎಂಥ ಅಗಾಧ ಕೆಲಸಗಾರ ಇದು ಅನ್ನಿಸಿತು.

"ನಾಳೆತನ ಹಿಂಗ ಇದ್ರ ಹುಳಿ ಬರ್ತತಿ. ದನಕ್ಕ ಹಾಕೂದಷ್ಟ," ಅಂತ ಅವ್ವ ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ನ ಮಗಳ ಬುಟ್ಟಿ ಖಾಲಿ ಹೊಕ್ಕತಲ್ಲಬೇ."

ಬೆಳಿಗ್ಗೆಯಿಂದ ನನ್ನನ್ನು ಕಾಡಿದ ಅತ್ತೆಯೇ ಸೆರಗು ಸಿಗಿಸಿ ಎದ್ದಳು. ಅವಳ ತಮ್ಮನದು ಹಿಂದಿನ ಓಣಿಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿ. "ಏಳ್ರಬೇ, ಭಟ್ಟಿಗೆ ಒಯ್ಯೂನು. ಅಲ್ಲಿ ಕಲ್ಲೂ ಒಣಗ್ತತಿ."

ಒಂದೊಂದು ಕೋಲಿಗೆ ಇಬ್ಬಿಬ್ಬರು ಹೆಂಗಸರು, ನಡುವೆ ತೂಗುವ ಶಾವಿಗೆ. ದಾರಿಯುದ್ದಕ್ಕೂ ಸ್ಕೂಟರಿನವರು ನಿಂತು ದಾರಿ ಬಿಟ್ಟರು.

ಭಟ್ಟಿಯಲ್ಲಿ ಉರಿ ಇರಲಿಲ್ಲ. ಆದರೂ ಒಳಗೆ ಕಾಲಿಟ್ಟರೆ ಮುಖಕ್ಕೆ ಝಳ. ಹೊಗೆ ಹಿಡಿದು ಕಪ್ಪಾದ ಗೋಡೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ.

"ಉರಿ ಮಧ್ಯಾಹ್ನನ ಆರಿಸೀವಿ," ಅಂದ ಅತ್ತೆಯ ತಮ್ಮ. "ಗ್ವಾಡಿ ದಿನಾ ಕಾವು ಕುಡದೈತಿ. ಅಷ್ಟ್ ಲಗೂನ ಬಿಡಂಗಿಲ್ಲ."

ಎಷ್ಟೋ ವಿಡಿಯೋ ನೋಡಿಯೂ ತಲೆಗೆ ಇಳಿಯದ್ದು ಅಂಗೈಯಿಂದ ಇಳಿಯಿತು. ನಾಳೆಯೇ ಲೋಕದ ಹೊಗೆಯೆಲ್ಲ ನಿಂತರೂ ಸಮುದ್ರ ನಾಳೆಯೇ ತಣ್ಣಗಾಗುವುದಿಲ್ಲ. ಆದರೆ ಅದು ಕುಡಿಯದೇ ಬಿಟ್ಟಿದ್ದರೆ ಆ ಕಾವೆಲ್ಲ ನಮ್ಮ ನೆತ್ತಿಯ ಮೇಲೇ ಇರುತ್ತಿತ್ತು. ಇಷ್ಟು ವರ್ಷ ನಮ್ಮ ಪಾಲಿನ ಬೆಂಕಿಯನ್ನು ಅದು ಹಿಡಿದುಕೊಂಡಿದೆ. ಕೈ ಮುಗಿಯಬೇಕು ಅನ್ನಿಸಿತು, ಯಾವ ದಿಕ್ಕಿಗೆ ಅಂತ ತಿಳಿಯಲಿಲ್ಲ.

"ಅತ್ತೀ, ಸಮುದ್ರನೂ ಈ ಗ್ವಾಡಿ ಹಂಗನ..."

"ಹೂಂನವ್ವ, ಹೂಂ. ಮೊದ್ಲು ಆ ಕೋಲು ಹಿಡಿ, ಶಾವಿಗಿ ನೆಲಕ್ಕ ಹತ್ತಾಕತ್ತೈತಿ!"

ಬೆಳಗಾಗುವಷ್ಟರಲ್ಲಿ ಮಳೆ ಹಿಡಿದಿತ್ತು. ತಲೆಗೆ ಗೋಣಿಚೀಲ ಹೊದ್ದು ಭಟ್ಟಿಗೆ ಓಡಿದೆವು. ಅವ್ವ ಒಂದೆಳೆ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದಳು. ಟಕ್. ಮತ್ತೊಂದು ಮುರಿದಳು, ಅದೂ ಟಕ್.

ಕುಬಸದ ದಿನ ಬೀಗರ ಪಡಸಾಲೆಯಲ್ಲಿ ಹಾಲು ಬೆಲ್ಲ ಹಾಕಿದ ಶಾವಿಗೆ ಬಡಿಸಿದರು. ಅಕ್ಕನ ಅತ್ತೆ ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು. "ಇದೇನ್ರೀ, ಹೊಗಿ ವಾಸನಿ?"

ಅವ್ವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನನ್ನ ಕಡೆ ನೋಡಿದಳು. ಅಕ್ಕ ಮಾತ್ರ ಆಗಲೇ ಖಾಲಿ ಬಟ್ಟಲನ್ನು ಮುಂದೆ ಹಿಡಿದಿದ್ದಳು.

"ಇನ್ನೊಂದೀಟ್ ಹಾಕವ್ವಾ. ಎಂಟ್ ದಿನದಿಂದ ಇದ ಹೊಗಿ ವಾಸನಿ ಇರೂ ಭಟ್ಟಿ ಮಂಡಕ್ಕಿ ತಿನ್ಬೇಕಂತ ಜೀವ ಹಾತೊರಿತಿತ್ತು, ನಿನಗ್ಯಾರ್ ಹೇಳಿದ್ರಬೇ?"