ನಿಂಬೆಹಣ್ಣು ಜಜ್ಜಿದ ಬ್ಯಾಟರಿ ವ್ಯಾನು

ತೊಂಬತ್ತರ ದಶಕದ ಕೊನೆ. ದಿಂಡಿಗಲ್ಲಿನ ಕಾಲೇಜಿನಲ್ಲಿ ಕಲಿಸುತ್ತಿದ್ದ ಚಿಕ್ಕಪ್ಪ, ಅಲ್ಲೇ ತಯಾರಿಸಿದ ಬ್ಯಾಟರಿ ವ್ಯಾನನ್ನು ಪರೀಕ್ಷೆಗೆಂದು ನಮ್ಮೂರು ಬೋಡಿಗೆ ತಂದರು. ಅದು ಬೋಡಿಮೆಟ್ಟು ಘಾಟಿ ಹತ್ತಿದರೆ, ಏಲಕ್ಕಿ ತೋಟಕ್ಕೆ ಆಳುಗಳನ್ನು ಒಯ್ಯುವ ನಮ್ಮ ಜೀಪನ್ನು ಮಾರಿಬಿಡುವುದೆಂದು ಅಪ್ಪ ಹೇಳಿದ್ದರು.

ಅಜ್ಜಿ ಚಕ್ರದಡಿ ನಿಂಬೆಹಣ್ಣಿಟ್ಟು, ಉರಿಯುವ ಕರ್ಪೂರ ಹಿಡಿದು ಇಂಜಿನ್ ಸದ್ದಿಗಾಗಿ ಕಾದರು.

"ಸ್ಟಾರ್ಟ್ ಮಾಡ್ಡಾ, ಸೂಡಂ ಕೈ ಸುಡ್ತದೆ!"

"ಆಗ್ಲೇ ಸ್ಟಾರ್ಟ್ ಆಗೈತೆ, ಅವ್ವಾ," ಎಂದರು ಚಿಕ್ಕಪ್ಪ.

"ಉಸಿರೇ ಇಲ್ಲ, ಇದು ಮಲೆ ಏರ್ತದಾ?"

ನಿಂಬೆ ಜಜ್ಜಿ ವ್ಯಾನು ಹೊರಟಿತು. ನಾನೂ ಒಳಗಿದ್ದೆ. ಘಾಟಿಯ ತುದಿಯಿಂದ ಬಯಲು ಕಂಡದ್ದು ನೆನಪಿದೆ. ವ್ಯಾನು ನಡುದಾರಿಯಲ್ಲೇ ನಿಂತು, ಇಳಿದು ಅದನ್ನು ತಳ್ಳಿದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡರಲ್ಲಿ ಯಾವುದು ನಿಜವೋ; ಅಪ್ಪ ಜೀಪು ಮಾರಲಿಲ್ಲವೆಂಬುದಷ್ಟೇ ಖಚಿತ. ಅದಕ್ಕೊಂದು ಕಾರಣ ಬೇಕೆಂದು, ತಳ್ಳಿದ್ದನ್ನು ನಾನೇ ಆಮೇಲೆ ಸೇರಿಸಿಕೊಂಡೆನೇ?